ಎಂಟು ಹಾಕಿದರೆ ಸಾಲದು, ನಿಲ್ಲಿಸಲೂ ಬರಬೇಕು

ಸಾರಿಗೆ ಆಯುಕ್ತರಿಗೆ,
ಸಾರಿಗೆ ಇಲಾಖೆ, ಶಾಂತಿನಗರ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಾನು ಮೈಸೂರಿನಲ್ಲಿ ಬೈಕ್ ಮತ್ತು ಸ್ಕೂಟರ್ ಓಡಿಸುವುದನ್ನು ಕಲಿಸುತ್ತೇನೆ. ಕಾರು ಕಲಿಸುವುದಿಲ್ಲ. ಪಕ್ಕದಲ್ಲೇ ಸಣ್ಣ ಗ್ಯಾರೇಜ್ ಇದೆ, ಕಲಿಸುವ ಗಾಡಿಗಳ ರಿಪೇರಿ ಎಲ್ಲ ಅಲ್ಲೇ ನಡೆಯುತ್ತದೆ. ನಿಮ್ಮಲ್ಲಿ ಕೇಳಬೇಕಾದ ಮುಖ್ಯ ವಿಷಯ ಒಂದೇ. ದ್ವಿಚಕ್ರ ವಾಹನಕ್ಕೆ ಲೈಸೆನ್ಸ್ ಕೊಡುವ ಮೊದಲು ಆ ವ್ಯಕ್ತಿಗೆ ಗಾಡಿ ನಿಲ್ಲಿಸಲು ಬರುತ್ತದೆಯೇ ಅಂತ ದಯವಿಟ್ಟು ಪರೀಕ್ಷೆ ಮಾಡಿಸಿ.

ಈಗ ಏನು ನೋಡುತ್ತಾರೆ? ಎಂಟು ಹಾಕಿಸುತ್ತಾರೆ, ಅಂದರೆ 8ರ ಆಕಾರದಲ್ಲಿ ಗಾಡಿ ಸುತ್ತಿಸುತ್ತಾರೆ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದ ಪರೀಕ್ಷಾ ಅಂಗಳಗಳಲ್ಲೆಲ್ಲ ಇದೇ ಕಂಡಿದ್ದೇನೆ. ಕಾಲು ನೆಲಕ್ಕೆ ಊರದೆ ಎಂಟು ಹಾಕಿ, ಕೈ ತೋರಿಸಿ, ಇಂಡಿಕೇಟರ್ ಹಾಕಿ ಆಚೆ ಬಂದರೆ ಪಾಸ್. ಎಂಟು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ನಿಧಾನವಾಗಿ ಹೋಗುವಾಗ ಕ್ಲಚ್ಚು, ಹ್ಯಾಂಡಲ್ಲು, ಕಣ್ಣು ಮೂರೂ ಒಟ್ಟಿಗೆ ಕೆಲಸ ಮಾಡಬೇಕು, ಅದನ್ನು ಎಂಟು ಚೆನ್ನಾಗಿ ಕಲಿಸುತ್ತದೆ. ಆದರೆ ಎಂಟು ಹಾಕುವಾಗ ವೇಗ ನಡೆಯುವವರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ವೇಗದಲ್ಲಿ ಯಾರಿಗೂ ಬ್ರೇಕ್ ಬೇಕಾಗುವುದೇ ಇಲ್ಲ. ಲೈಸೆನ್ಸ್ ಸಿಕ್ಕ ಮರುದಿನ ಅದೇ ಹುಡುಗ ರಿಂಗ್ ರೋಡಿನಲ್ಲಿ 60ರಲ್ಲಿ ಹೋಗುತ್ತಾನೆ. ಮುಂದೆ ಹಸು ಅಡ್ಡ ಬರುತ್ತದೆ. ಆಗ ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ತೆಗೆದು ನೋಡಿ. ಅದರ 15ನೇ ನಿಯಮ ಚಾಲನಾ ಪರೀಕ್ಷೆಯ ಬಗ್ಗೆ ಇದೆ. ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕು ಅಂತ ಅಲ್ಲಿ ಉದ್ದ ಪಟ್ಟಿ ಕೊಟ್ಟಿದ್ದಾರೆ. ಕನ್ನಡಿ ಸರಿಮಾಡಿಕೊಳ್ಳುವುದರಿಂದ ಶುರುವಾಗುವ ಆ ಪಟ್ಟಿಯಲ್ಲಿ, ತುರ್ತು ಸಂದರ್ಭದಲ್ಲಿ ಗಾಡಿ ನಿಲ್ಲಿಸುವುದೂ ಸೇರಿದೆ. ನಿಯಮ ಬರೆದವರು ಮರೆತಿಲ್ಲ. ಅಂಗಳದಲ್ಲಿ ಅದು ಬಿಟ್ಟುಹೋಗಿದೆ ಅಷ್ಟೇ.

ಎಷ್ಟು ದೊಡ್ಡ ವಿಷಯ ಇದು ಅಂತ ಕೇಂದ್ರದ ಅಂಕಿಗಳೇ ಹೇಳುತ್ತವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಜನ ದ್ವಿಚಕ್ರ ವಾಹನದಲ್ಲಿದ್ದವರು. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಹೆಲ್ಮೆಟ್ ಬಗ್ಗೆ ಪೊಲೀಸರು, ನೀವು, ಪತ್ರಿಕೆಯವರು ಎಲ್ಲರೂ ಹೇಳುತ್ತೀರಿ. ಹೇಳಲೇಬೇಕು. ಆದರೆ ಹೆಲ್ಮೆಟ್ ಉಪಯೋಗಕ್ಕೆ ಬರುವುದು ಬಿದ್ದ ಮೇಲೆ. ಬೀಳದ ಹಾಗೆ ನಿಲ್ಲಿಸುವುದರ ಬಗ್ಗೆ ಮಾತೇ ಇಲ್ಲ, ಅಲ್ವಾ?

ನಮ್ಮ ಹತ್ತಿರ ಕಲಿಯಲು ಬರುವವರಲ್ಲಿ ತುಂಬಾ ಜನ ಆಗಲೇ ಲೈಸೆನ್ಸ್ ಇದ್ದವರು. ಮನೆಯಲ್ಲಿ ಗಾಡಿ ಇದೆ, ಕಾರ್ಡ್ ಪರ್ಸ್‌ನಲ್ಲಿದೆ, ರಸ್ತೆಗೆ ಇಳಿಯಲು ಭಯ. ಅವರ ಬಾಯಲ್ಲೂ, ಹೊಸಬರ ಬಾಯಲ್ಲೂ ಒಂದು ಮಾತು ಬಂದೇ ಬರುತ್ತದೆ. ‘ಅಣ್ಣಾ, ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಆಗ್ತೀವಂತೆ.’ ಅಪ್ಪ ಹೇಳಿರುತ್ತಾರೆ, ಗಂಡ ಹೇಳಿರುತ್ತಾರೆ, ಪಕ್ಕದ ಮನೆ ಹುಡುಗ ಹೇಳಿರುತ್ತಾನೆ. ಇದು ಸೈಕಲ್ಲಿನಿಂದ ಬಂದ ಭಯ ಅಂತ ನನ್ನ ಊಹೆ. ಸೈಕಲ್ ಹಗುರ, ಸವಾರ ಕೂರುವುದು ಎತ್ತರದಲ್ಲಿ. ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಹಿಂದಿನ ಚಕ್ರ ಏಳುತ್ತದೆ ನಿಜ. ಚಿಕ್ಕಂದಿನಲ್ಲಿ ಹಾಗೆ ಬಿದ್ದವರು ಬೈಕಿಗೂ ಅದೇ ಲೆಕ್ಕ ಹಾಕುತ್ತಾರೆ.

ಬೈಕಿನ ಲೆಕ್ಕ ಬೇರೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ. ಮುಂದಿನ ಟೈರ್ ನೆಲಕ್ಕೆ ಒತ್ತುತ್ತದೆ, ಅದರ ಹಿಡಿತ ಹೆಚ್ಚುತ್ತದೆ. ಹಿಂದಿನ ಟೈರ್ ಹಗುರವಾಗುತ್ತದೆ, ಅದರ ಹಿಡಿತ ಕಮ್ಮಿಯಾಗುತ್ತದೆ. ಅದಕ್ಕೇ ಜೋರಾಗಿ ನಿಲ್ಲಿಸಬೇಕಾದಾಗ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಮುಂದಿನ ಬ್ರೇಕಿನದೇ. ಬರೀ ಹಿಂದಿನದನ್ನು ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರುತ್ತದೆ, ಬೇಗ ನಿಲ್ಲುವುದಿಲ್ಲ. ಕಲಿಯಬೇಕಾದ್ದು ಮುಂದಿನ ಬ್ರೇಕನ್ನು ಹೇಗೆ ಹಿಡಿಯಬೇಕು ಎನ್ನುವುದನ್ನು. ನಿಂಬೆಹಣ್ಣು ಹಿಂಡುವ ಹಾಗೆ, ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ. ಒಮ್ಮೆಲೇ ಎಳೆದರೆ ಭಾರ ಮುಂದಕ್ಕೆ ಬರುವ ಮೊದಲೇ ಚಕ್ರ ಲಾಕ್ ಆಗುತ್ತದೆ, ಬೀಳುತ್ತೇವೆ. ಮರಳು ಇದ್ದ ಕಡೆ, ಮಳೆಯಲ್ಲಿ ಝೀಬ್ರಾ ಪಟ್ಟೆಯ ಬಣ್ಣದ ಮೇಲೆ, ತಿರುವಿನಲ್ಲಿ ಗಾಡಿ ವಾಲಿದ್ದಾಗ ಇನ್ನೂ ಹುಷಾರು. ಇಷ್ಟನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಬರುವುದಿಲ್ಲ. ಕೈಗೆ ಅಭ್ಯಾಸ ಆಗಬೇಕು. ನಾವು ಮೊದಲು ಎಂಜಿನ್ ಆಫ್ ಮಾಡಿ, ಗಾಡಿ ತಳ್ಳಿಕೊಂಡು ಹೋಗುತ್ತಾ ಬ್ರೇಕ್ ಹಿಡಿಸುತ್ತೇವೆ. ಆಮೇಲೆ ಹತ್ತರ ವೇಗದಲ್ಲಿ, ಆಮೇಲೆ ಇಪ್ಪತ್ತು, ಮೂವತ್ತು.

ಮೀಟರ್ ಲೆಕ್ಕದಲ್ಲಿ ನೋಡಿ. 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಂದರೆ ಕಣ್ಣಿಗೆ ಕಂಡು ಕೈ ಲಿವರ್‌ಗೆ ಬರುವಷ್ಟರಲ್ಲಿ 11 ಮೀಟರ್ ಹೋಯಿತು. ಆಮೇಲೆ ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಇನ್ನು ಸುಮಾರು 9-10 ಮೀಟರ್‌ನಲ್ಲಿ ನಿಲ್ಲುತ್ತದೆ. ಹಿಂದಿನದು ಮಾತ್ರ ಹಿಡಿದರೆ ಹತ್ತಿರ ಹತ್ತಿರ ಅದರ ಎರಡರಷ್ಟು ಬೇಕು. 60ರಲ್ಲಿ ಯೋಚಿಸುವ ಸೆಕೆಂಡಿಗೇ ಸುಮಾರು 17 ಮೀಟರ್ ಖರ್ಚು. ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ವೇಗದ ಜೊತೆ ಸಮ ಸಮ ಬೆಳೆಯುವುದಿಲ್ಲ, ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. ಕಾಲೇಜು ಹುಡುಗರಿಗೆ ಇದನ್ನು ಬೋರ್ಡಿನ ಮೇಲೆ ಬರೆದರೆ ತಲೆ ಆಡಿಸುತ್ತಾರೆ. ಅಂಗಳದಲ್ಲಿ ಸುಣ್ಣದ ಗೆರೆ ಹಾಕಿ, ನಿಂತ ಜಾಗ ತೋರಿಸಿದರೆ ಮುಖ ಸಪ್ಪಗಾಗುತ್ತದೆ.

‘ಈಗಿನ ಗಾಡಿಗಳಲ್ಲಿ ಎಬಿಎಸ್ ಇದೆಯಲ್ಲ’ ಅಂತ ಕೇಳುವವರಿದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್, ಅಂದರೆ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ ಇದ್ದರೆ ಸಾಕು ಎಂದಿತು ಆ ನಿಯಮ. ನಮ್ಮ ಊರುಗಳಲ್ಲಿ ಜನ ದಿನಾ ಓಡಿಸುವುದು ಹೆಚ್ಚಾಗಿ ಆ ಚಿಕ್ಕ ಗಾಡಿಗಳೇ. ಸಿಬಿಎಸ್ ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಹಿಡಿಯುತ್ತದೆ. ಆ ಸ್ವಲ್ಪವನ್ನೇ ಪೂರ್ತಿ ಅಂದುಕೊಂಡು ಬಲಗೈಯನ್ನು ಮರೆತವರು ತುಂಬಾ ಜನ. ಇನ್ನು ಎಬಿಎಸ್, ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ಲಿವರ್ ಹಿಡಿಯುವ ಕೆಲಸ ಸವಾರನದೇ.

ಹಾಗಾಗಿ ನನ್ನ ಸಲಹೆ ಹೀಗಿದೆ. ಎಂಟು ಮುಗಿದ ಮೇಲೆ ನೇರ ದಾರಿಯಲ್ಲಿ 30ರ ವೇಗಕ್ಕೆ ಬರಲಿ. ಇನ್ಸ್‌ಪೆಕ್ಟರ್ ಬಾವುಟ ತೋರಿಸಲಿ. ಬಾವುಟ ಕಂಡ ಮೇಲೆ ಎರಡೂ ಬ್ರೇಕ್ ಹಿಡಿದು, ಜಾರದೆ, ಬೀಳದೆ, ಗೆರೆಯೊಳಗೆ ನಿಲ್ಲಲಿ. 40-50 ಮೀಟರ್ ಉದ್ದದ ನೇರ ಜಾಗ ಇದ್ದರೆ ಸಾಕು. ಸೆನ್ಸರ್, ಕ್ಯಾಮೆರಾ ಇರುವ ಬೆಂಗಳೂರಿನ ಜ್ಞಾನಭಾರತಿಯಂಥ ಟ್ರ್ಯಾಕ್ ಇದ್ದರೆ ಅಳೆಯುವುದು ಸುಲಭ. ಇಲ್ಲದ ಕಡೆ ಎರಡು ಕೋನು, ಒಂದು ಸುಣ್ಣದ ಗೆರೆ. ಬ್ರಿಟನ್ನಿನಲ್ಲಿ ಬೈಕ್ ಲೈಸೆನ್ಸ್ ಬೇಕಾದರೆ ರಸ್ತೆಗೆ ಬಿಡುವ ಮೊದಲು ಅಂಗಳದಲ್ಲೇ 50 ಕಿ.ಮೀ. ವೇಗದಿಂದ ತುರ್ತಾಗಿ ನಿಲ್ಲಿಸಿ ತೋರಿಸಬೇಕು. ನಾನು ಕೇಳುತ್ತಿರುವುದು 30. ಮೊದಲ ಕೆಲವು ತಿಂಗಳು ಇದರಲ್ಲಿ ಯಾರನ್ನೂ ಫೇಲ್ ಮಾಡಬೇಡಿ ಬೇಕಾದರೆ. ಪರೀಕ್ಷೆಯಲ್ಲಿ ಇದೆ ಅಂತ ಗೊತ್ತಾದರೆ ಸಾಕು, ಜನ ಕಲಿತುಕೊಂಡು ಬರುತ್ತಾರೆ. ಎಂಟು ಕಲಿಯುತ್ತಿರುವುದೂ ಹಾಗೇ ಅಲ್ವಾ? ಪರೀಕ್ಷೆಯಲ್ಲಿ ಇರದಿದ್ದರೆ ಯಾರು ತಾನೇ ಖಾಲಿ ಸೈಟಿನಲ್ಲಿ ಎಂಟು ಹಾಕುತ್ತಾ ಕೂರುತ್ತಿದ್ದರು?

ಅದೇ ಕೇಂದ್ರದ ನಿಯಮಗಳಲ್ಲಿ ಬೈಕ್ ಕಲಿಸುವವರಿಗೆ ನಗು ತರಿಸುವ ಒಂದೆರಡು ಸಂಗತಿಗಳಿವೆ, ಹೇಳಿಬಿಡುತ್ತೇನೆ. 3ನೇ ನಿಯಮದ ಪ್ರಕಾರ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಇರುವವರ ಜೊತೆ ಲೈಸೆನ್ಸ್ ಇರುವ ಬೋಧಕ ಇರಬೇಕು. ಗಾಡಿಯನ್ನು ನಿಯಂತ್ರಿಸುವ ಅಥವಾ ನಿಲ್ಲಿಸುವ ಜಾಗದಲ್ಲಿ ಅವನು ಕೂತಿರಬೇಕು. ಕಾರಿನಲ್ಲಿ ಸರಿ, ಪಕ್ಕದ ಸೀಟಿದೆ, ಅವನ ಕಾಲಿಗೂ ಬ್ರೇಕ್ ಇದೆ. ಬೈಕಿನ ಹಿಂದಿನ ಸೀಟಿನಲ್ಲಿ ಕೂತವನು ಏನು ನಿಲ್ಲಿಸಿಯಾನು? ದೇವರ ಹೆಸರು ಹೇಳಬಹುದು. ಅಷ್ಟೇ ಅಲ್ಲ, ಹೊಸಬರ ಹಿಂದೆ ದೊಡ್ಡವರೊಬ್ಬರು ಕೂತರೆ ಬ್ಯಾಲೆನ್ಸ್ ಇನ್ನೂ ಕಷ್ಟ. ಹೆಂಡತಿಗೆ ಸ್ಕೂಟರ್ ಕಲಿಸಲು ಹೋಗಿ ಹಿಂದೆ ಕೂತು ಕೂಗಾಡುವ ಗಂಡಂದಿರನ್ನು ದಿನಾ ನೋಡುತ್ತೇನೆ. ಆಮೇಲೆ ಇಬ್ಬರೂ ಮಾತು ಬಿಟ್ಟು, ಆಕೆ ಒಬ್ಬರೇ ನಮ್ಮ ಹತ್ತಿರ ಬರುತ್ತಾರೆ. ನಮಗೆ ಒಳ್ಳೆಯ ವ್ಯಾಪಾರ, ಆ ಮಾತು ಬೇರೆ.

ನಾವು ಹಿಂದೆ ಕೂರುವುದಿಲ್ಲ. ಪಕ್ಕದಲ್ಲಿ ಓಡುತ್ತೇವೆ. ಸ್ಕೂಟರ್ ಕಲಿಯುವವರ ದೊಡ್ಡ ಅಪಾಯ ಬೀಳುವುದಲ್ಲ, ಗಾಬರಿಯಲ್ಲಿ ಆಕ್ಸಿಲರೇಟರ್ ತಿರುಚುವುದು. ಗಾಡಿ ವಾಲಿತು ಅಂದಕೂಡಲೇ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತಾರೆ. ಹಿಡಿದ ಕೈ ತಿರುಗುತ್ತದೆ, ಗಾಡಿ ಹಾರುತ್ತದೆ, ಹಾರಿದ್ದಕ್ಕೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ. ಅದಕ್ಕೆ ಕಲಿಸುವ ಸ್ಕೂಟರಿಗೆ ಒಂದು ದಾರ ಕಟ್ಟಿದ ಕಟ್-ಆಫ್ ಸ್ವಿಚ್ ಹಾಕಿದ್ದೇವೆ. ದಾರ ಎಳೆದರೆ ಎಂಜಿನ್ ಆಫ್. ಆಕ್ಸಿಲರೇಟರ್ ಕೇಬಲ್ಲಿಗೂ ಸಡಿಲ ಜಾಸ್ತಿ ಕೊಟ್ಟು, ಪೂರ್ತಿ ತಿರುಚಿದರೂ ಪೂರ್ತಿ ರೇಸ್ ಆಗದ ಹಾಗೆ ಇಟ್ಟಿದ್ದೇವೆ. ಡ್ರೈವಿಂಗ್ ಸ್ಕೂಲುಗಳ 24ನೇ ನಿಯಮ, ಮೋಟಾರ್ ಸೈಕಲ್ ಬಿಟ್ಟು ಉಳಿದೆಲ್ಲ ಕಲಿಕೆಯ ಗಾಡಿಗೂ ಎರಡೂ ಕಡೆ ನಿಯಂತ್ರಣ ಇರಬೇಕು ಅನ್ನುತ್ತದೆ. ಬೈಕಿಗೆ ಎರಡನೇ ಬ್ರೇಕ್ ಕೂಡಿಸಲು ಆಗದು, ಒಪ್ಪುತ್ತೇನೆ. ಆದರೆ ಈ ದಾರದ ಸ್ವಿಚ್ ಹಾಕಲು ದೊಡ್ಡ ಖರ್ಚಿಲ್ಲ. ಅದನ್ನು ಕಡ್ಡಾಯ ಮಾಡಿಸಲು ಕೇಂದ್ರಕ್ಕೆ ಒಂದು ಪತ್ರ ಬರೆದರೂ ಉಪಕಾರ.

ಅದೇ 24ನೇ ನಿಯಮದಲ್ಲಿ ಇನ್ನೊಂದಿದೆ. ಡ್ರೈವಿಂಗ್ ಸ್ಕೂಲ್ ಇಡುವವರ ಹತ್ತಿರ ಎಂಜಿನ್, ಗೇರ್ ಬಾಕ್ಸ್, ಬ್ರೇಕ್ ಶೂ, ಡ್ರಮ್ ಎಲ್ಲ ತೋರಿಸಿ ಕಲಿಸಲು ಇರಬೇಕು. ಬರೀ ಮೋಟಾರ್ ಸೈಕಲ್ ಕಲಿಸುವವರಿಗೆ ಮಾತ್ರ ಅದರಿಂದ ವಿನಾಯಿತಿ! ಯಾಕೋ ನನಗೆ ಅರ್ಥವಾಗಿಲ್ಲ. ಬ್ರೇಕ್ ಶೂ ಸವೆದದ್ದು ಮೊದಲು ಗೊತ್ತಾಗಬೇಕಾದ್ದೇ ಬೈಕ್ ಓಡಿಸುವವನಿಗೆ.

ಮೇಂಟೆನೆನ್ಸ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ. ನಮ್ಮ ಮೈಸೂರು, ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದ ಊರು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿಗಳು ಇನ್ನೂ ಓಡುತ್ತಿವೆ. ಅದರ ಮಾಲೀಕನಿಗೆ ಗಾಡಿ ಗೊತ್ತಿರಲೇಬೇಕಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕಿಕ್ ಹೊಡೆಯುವ ಲಿವರೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್. ಪ್ಲಗ್ ಬಿಚ್ಚಿ ಉಜ್ಜುವುದು ಮಕ್ಕಳಿಗೂ ಬರುತ್ತಿತ್ತು. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಸಣ್ಣ ಗಾಡಿಗೂ ಫ್ಯುಯೆಲ್ ಇಂಜೆಕ್ಷನ್ ಬಂತು. ಬಟನ್ ಒತ್ತಿದರೆ ಸ್ಟಾರ್ಟ್. ಒಳ್ಳೆಯದೇ. ಆದರೆ ಜೊತೆಗೆ ಗಾಡಿಯ ಕಡೆ ಬಗ್ಗಿ ನೋಡುವ ಅಭ್ಯಾಸವೂ ಹೋಯಿತು. ಟೈರಿಗೆ ಎಷ್ಟು ಗಾಳಿ ಇರಬೇಕು ಅಂತ ಕೇಳಿದರೆ ‘ಪಂಪಿನವನಿಗೆ ಗೊತ್ತಿರುತ್ತೆ’ ಅನ್ನುತ್ತಾರೆ. ಚೈನ್ ಕವರಿನ ಮೇಲೆ, ಇಲ್ಲವೇ ಸ್ವಿಂಗ್ ಆರ್ಮ್ ಮೇಲೆ, ಸ್ಟಿಕರ್‌ನಲ್ಲಿ ಬರೆದೇ ಇರುತ್ತದೆ.

ನಾವು ಕಲಿಯಲು ಬಂದವರಿಗೆ ಮೊದಲ ದಿನ ಗಾಡಿ ಓಡಿಸಲು ಕೊಡುವುದಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ ಸುತ್ತ ಕೂರಿಸುತ್ತೇವೆ. ಹಿಂದಿನ ಡ್ರಮ್ಮಿನ ಪಕ್ಕ ಒಂದು ಬಾಣದ ಗುರುತಿದೆ. ಬ್ರೇಕ್ ತುಳಿದಾಗ ಅದು ಕೊನೆಯ ಗೆರೆ ಮುಟ್ಟಿತಾ, ಶೂ ಬದಲಾಯಿಸಬೇಕು. ಮುಂದೆ ಡಿಸ್ಕ್ ಇದ್ದರೆ ಪ್ಯಾಡಿನ ದಪ್ಪ ಬಗ್ಗಿ ನೋಡಬೇಕು. ಕ್ಲಚ್ ಲಿವರ್ ತುದಿಯಲ್ಲಿ ಒಂದು ಸೆಂಟಿಮೀಟರ್‌ನಷ್ಟು ಸಡಿಲ ಇರಬೇಕು. ಚೈನನ್ನು ನಡುವೆ ಬೆರಳಿನಿಂದ ಎತ್ತಿದರೆ ಎರಡು, ಎರಡೂವರೆ ಸೆಂಟಿಮೀಟರ್ ಆಡಬೇಕು. ಟೈಟ್ ಇದ್ದರೆ ಒಳ್ಳೆಯದು ಅಂದುಕೊಂಡು ಬಿಗಿ ಮಾಡಿಸುವವರೇ ಜಾಸ್ತಿ. ಇಬ್ಬರು ಕೂತು ಹಂಪ್ಸ್ ಹತ್ತಿದಾಗ ಆ ಬಿಗಿ ಚೈನು ಬೇರಿಂಗನ್ನೇ ತಿನ್ನುತ್ತದೆ. ಆಯಿಲ್ ವಿಷಯ ಇನ್ನೊಂದು. ಸ್ಕೂಟರಿನ ಆಯಿಲ್ ಡಬ್ಬದ ಮೇಲೆ ಎಂಬಿ ಅಂತಲೂ, ಬೈಕಿನದರ ಮೇಲೆ ಎಂಎ ಅಂತಲೂ ಇರುತ್ತದೆ. ಬೈಕಿನ ಕ್ಲಚ್ ಪ್ಲೇಟು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಅದಕ್ಕೆ ಸ್ಕೂಟರಿನ ಜಾರು ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್ ಆಗಲು ಶುರು. ಅಂಥ ಗಾಡಿಗಳು ನಮ್ಮ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಮಾಲೀಕರು ‘ಪಿಕಪ್ ಇಲ್ಲ’ ಅನ್ನುತ್ತಾರೆ.

ಕಲಿಸುವ ಗಾಡಿಗಳ ಕಥೆಯೇ ಬೇರೆ. ಅವು ದಿನವಿಡೀ ಫಸ್ಟ್ ಗೇರಿನಲ್ಲಿ, ಹಾಫ್ ಕ್ಲಚ್ಚಿನಲ್ಲಿ ಸುತ್ತುತ್ತವೆ. ಕಿಲೋಮೀಟರ್ ಓಡಿರುವುದಿಲ್ಲ, ಎಂಜಿನ್ ಮಾತ್ರ ಗಂಟೆಗಟ್ಟಲೆ ಉರಿದಿರುತ್ತದೆ. ಗಾಳಿಯಿಂದ ತಣ್ಣಗಾಗುವ ಬೈಕ್ ಎಂಜಿನ್ನಿಗೆ ವೇಗ ಇಲ್ಲದೆ ಗಾಳಿಯೂ ಸಿಗುವುದಿಲ್ಲ. ಓಡೋಮೀಟರ್ ನೋಡಿ ಆಯಿಲ್ ಬದಲಾಯಿಸಿದರೆ ಮುಗಿದೇ ಹೋಯಿತು. ನಾವು ಗಂಟೆ ಲೆಕ್ಕದಲ್ಲಿ ಬದಲಾಯಿಸುತ್ತೇವೆ, ನಡುನಡುವೆ ಗಾಡಿಗೆ ರೆಸ್ಟ್ ಕೊಡುತ್ತೇವೆ. ಕ್ಲಚ್ ಕೇಬಲ್, ಲಿವರ್, ಕನ್ನಡಿ, ಇಂಡಿಕೇಟರ್ ಇವೆಲ್ಲ ತರಕಾರಿ ತಂದ ಹಾಗೆ ತರುತ್ತಿರಬೇಕು. ಬೈಕ್ ಸ್ಕೂಲ್ ಇಡಲು ಯಾಕೆ ಯಾರೂ ಮುಂದೆ ಬರುವುದಿಲ್ಲ ಅಂದರೆ ಇದೂ ಒಂದು ಕಾರಣ. ಕಾರು ಕಲಿಯಲು ಜನ ದುಡ್ಡು ಕೊಡುತ್ತಾರೆ. ಬೈಕಿಗೆ ‘ಸೈಕಲ್ ಬರುತ್ತೆ, ಸಾಕು ಬಿಡಿ’ ಅಂತಾರೆ.

ಹದಿನೆಂಟು ತುಂಬದ ಮಕ್ಕಳನ್ನು ಕರೆತಂದು ‘ಸುಮ್ನೆ ಬ್ಯಾಲೆನ್ಸ್ ಕಲಿಸಿ ಸಾರ್, ಟ್ಯೂಷನ್ನಿಗೆ ಹೋಗೋಕೆ’ ಅನ್ನುವ ಅಪ್ಪ ಅಮ್ಮಂದಿರಿಗೂ ಇಲ್ಲಿ ಒಂದು ಮಾತು. ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಮಗು ಓಡಿಸಿ ಅಪರಾಧವಾದರೆ ಹೆತ್ತವರಿಗೆ, ಇಲ್ಲವೇ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸೂ ಇಲ್ಲ.

ಇನ್ನು ಆಯುಕ್ತರಲ್ಲಿ ಎರಡನೇ ಮತ್ತು ಕೊನೆಯ ಕೋರಿಕೆ, ಜಾಗದ್ದು. 2021ರ ಜುಲೈನಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಜಾರಿಗೆ ಬಂತು. ಅಲ್ಲಿ ಕಲಿತು ಪಾಸಾದವರಿಗೆ ಮತ್ತೆ ಆರ್‌ಟಿಒ ಪರೀಕ್ಷೆ ಬೇಡ. ಆದರೆ ಅಂಥ ಕೇಂದ್ರಕ್ಕೆ ದ್ವಿಚಕ್ರ, ತ್ರಿಚಕ್ರ, ಲಘು ವಾಹನ ಕಲಿಸುವುದಕ್ಕೇ ಕನಿಷ್ಠ ಒಂದು ಎಕರೆ ಬೇಕು. ಜೊತೆಗೆ ಸಿಮ್ಯುಲೇಟರ್. ಊರಿನ ಹತ್ತಿರ 40 ಗುಂಟೆ ಜಾಗ ಇದ್ದವರು ಬೈಕ್ ಸ್ಕೂಲ್ ಯಾಕೆ ಇಡುತ್ತಾರೆ ಸ್ವಾಮಿ, ಕಲ್ಯಾಣ ಮಂಟಪ ಕಟ್ಟುತ್ತಾರೆ. ಬೈಕ್ ಕಲಿಸಲು 10 ಗುಂಟೆ ಸಾಕು. 50 ಮೀಟರ್ ಉದ್ದ, 20 ಮೀಟರ್ ಅಗಲ ಆಯಿತಲ್ಲ. ಅದೂ ಇಲ್ಲದೆ ನಾವು ಹೊಸ ಬಡಾವಣೆಗಳ ಖಾಲಿ ರಸ್ತೆಗಳಲ್ಲಿ ಕಲಿಸುತ್ತೇವೆ. ಮನೆಗಳು ಬಂದ ಹಾಗೆ ಮುಂದಿನ ಬಡಾವಣೆಗೆ ಹೋಗುತ್ತೇವೆ. ವಾಕಿಂಗ್ ಬರುವವರು ಬೈಯುತ್ತಾರೆ, ಬೀದಿನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಬೈಯುವವರದೂ ತಪ್ಪಲ್ಲ. ಮನೆ ಮುಂದೆ ಹೊಸಬರು ಬ್ರೇಕ್ ಅಭ್ಯಾಸ ಮಾಡಿದರೆ ಯಾರಿಗೆ ಇಷ್ಟವಾಗುತ್ತದೆ?

ನಿಮ್ಮ ಇಲಾಖೆಯ ಪರೀಕ್ಷಾ ಅಂಗಳಗಳು ಭಾನುವಾರ ಖಾಲಿ ಇರುತ್ತವೆ. ಬೆಳಿಗ್ಗೆ 6ರಿಂದ 10ರವರೆಗೆ, ನಿಗದಿ ಶುಲ್ಕ ಕಟ್ಟಿಸಿಕೊಂಡು, ಲೈಸೆನ್ಸ್ ಇರುವ ಬೋಧಕರಿಗೆ ಸರದಿಯಂತೆ ಬಿಟ್ಟುಕೊಡಿ. ಎಲ್ಲ ಜಿಲ್ಲೆಯಲ್ಲೂ ಒಮ್ಮೆಗೇ ಆಗದಿದ್ದರೆ ಒಂದೆರಡು ಜಿಲ್ಲೆಯಲ್ಲಿ ಮಾಡಿ ನೋಡಿ. ಕಲಿಯುವವರ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಇರಲೇಬೇಕು, ಬೋಧಕನ ಗಾಡಿಗೆ ಇನ್ಶೂರೆನ್ಸ್, ಎಮಿಷನ್ ಸರಿ ಇರಬೇಕು, ಬ್ರೇಕ್ ನೀವೇ ಪರೀಕ್ಷಿಸಿದ್ದಾಗಿರಬೇಕು ಅಂತ ಷರತ್ತು ಹಾಕಿ. ಕಾಯಲು ನಿಮ್ಮ ಸಿಬ್ಬಂದಿ ಒಬ್ಬರು ಬರಬೇಕಾದರೆ ಅವರ ಓವರ್‌ಟೈಮ್ ಆ ಶುಲ್ಕದಲ್ಲೇ ಹೊರಡುತ್ತದೆ. ಕೋನು, ಸುಣ್ಣ, ಬಾವುಟ, ಫಸ್ಟ್ ಏಯ್ಡ್ ಪೆಟ್ಟಿಗೆ ನಾವೇ ತರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಬೈಕ್ ಕಲಿಸುವ ಒಬ್ಬ ಮೇಷ್ಟ್ರು,
ಮೈಸೂರು